ಪಣಂಬೂರಿನ ಬಂದರಿಗೆ ಘಟ್ಟದ ಬಾಗಿಲು ತೆರೆಯಲಿ

ಮಾನ್ಯ ಸಂಪಾದಕರೇ,

ಮಳೆ ಬಿರುಸಾಗುವ ಆಟಿ ತಿಂಗಳು ಬಂತೆಂದರೆ ಶಿರಾಡಿ ಘಾಟಿಯಲ್ಲಿ ಸಾಲುಗಟ್ಟಿ ನಿಂತ ಲಾರಿಗಳ ಚಿತ್ರ ಪತ್ರಿಕೆಗಳ ಮುಖಪುಟದಲ್ಲಿ ಬರುತ್ತದೆ. ಅದರ ಕೆಳಗಿನ ಸುದ್ದಿ ಹೆಚ್ಚಾಗಿ ಪ್ರಯಾಣಿಕರ ಪರದಾಟದ ಬಗ್ಗೆ ಇರುತ್ತದೆ, ಇರಬೇಕಾದ್ದೂ ಹೌದು. ಆದರೆ ಆ ಲಾರಿಗಳಲ್ಲಿ ಅನೇಕವು ಪಣಂಬೂರಿನ ನವಮಂಗಳೂರು ಬಂದರಿಗೆ ಹೊರಟವು ಅಥವಾ ಅಲ್ಲಿಂದ ಸರಕು ಹೇರಿಕೊಂಡು ಬಂದವು ಎಂಬುದನ್ನೂ, ಕರ್ನಾಟಕದ ಏಕೈಕ ಪ್ರಮುಖ ಬಂದರು ಮಳೆಗಾಲದಲ್ಲಿ ದಿನಗಟ್ಟಲೆ, ಕೆಲವು ವರ್ಷ ವಾರಗಟ್ಟಲೆ, ಘಟ್ಟದ ಮೇಲಿನ ತನ್ನ ನಾಡಿನಿಂದಲೇ ಕಡಿದುಹೋಗುತ್ತದೆ ಎಂಬುದನ್ನೂ ಓದುಗರ ಗಮನಕ್ಕೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ನಾನು ನಲವತ್ತು ವರ್ಷ ಮಂಗಳೂರಿನ ಕ್ಲಿಯರಿಂಗ್ ಏಜೆಂಟರ ಕಚೇರಿಗಳಲ್ಲಿ ಕಸ್ಟಮ್ಸ್ ಕಾಗದಪತ್ರ ನೋಡಿಕೊಂಡಿದ್ದು ಈಗ ನಿವೃತ್ತನಾಗಿದ್ದೇನೆ. ನನ್ನ ತಂದೆಯವರು ಹಳೆ ಬಂದರಿನಲ್ಲಿ ಮಂಜಿಗಳ, ಎಂದರೆ ಸರಕು ಸಾಗಿಸುವ ಮರದ ದೋಣಿಗಳ, ಸರಕಿನ ಲೆಕ್ಕ ಬರೆಯುವ ಗುಮಾಸ್ತರಾಗಿದ್ದರು.

ಹಳೆ ಬಂದರು ದುಡಿಯುತ್ತಿದ್ದ ಕಾಲವನ್ನು ಕಂಡವರು ಕಡಿಮೆಯಾಗುತ್ತಿದ್ದಾರೆ, ಆದ್ದರಿಂದ ಅದರ ಬಗ್ಗೆ ನಾಲ್ಕು ಮಾತು ಹೆಚ್ಚಾದರೂ ಹೇಳುತ್ತೇನೆ. ನೇತ್ರಾವತಿ ಮತ್ತು ಗುರುಪುರ ನದಿಗಳು ಒಂದಾಗಿ ಉಳ್ಳಾಲಕ್ಕೂ ಬೆಂಗ್ರೆಗೂ ನಡುವೆ ಸಮುದ್ರ ಸೇರುವ ಜಾಗಕ್ಕೆ ನಮ್ಮಲ್ಲಿ ಅಳಿವೆ ಬಾಗಿಲು ಎನ್ನುತ್ತಾರೆ. ಆ ಬಾಗಿಲಲ್ಲಿ ಮರಳು ಕಟ್ಟಿಕೊಂಡು ಆಳ ಕಡಿಮೆಯಾಗುವುದರಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಸ್ಟೀಮರುಗಳು ದಡದಿಂದ ಎರಡು ಮೂರು ಮೈಲಿ ಆಚೆ ಲಂಗರು ಹಾಕಿ ನಿಲ್ಲುತ್ತಿದ್ದವು. ಕಾಫಿ, ಗೇರುಬೀಜದ ತಿರುಳು, ಹಂಚು, ಕರಿಮೆಣಸು ಎಲ್ಲವೂ ಬಂದರಿನ ಗೋದಾಮುಗಳಿಂದ ಮಂಜಿಗೆ ಏರಿ, ಅಳಿವೆ ದಾಟಿ, ಅಲೆಗಳ ಮೇಲೆ ಓಲಾಡುವ ಸ್ಟೀಮರಿನ ಪಕ್ಕಕ್ಕೆ ಹೋಗಿ, ಅಲ್ಲಿ ಮತ್ತೆ ಮೇಲಕ್ಕೆ ಏರಬೇಕಾಗಿತ್ತು. ಕೂಲಿಯಾಳುಗಳು ಹಲಗೆಯ ಮೇಲೆ ಮೂಟೆ ಹೊತ್ತು ನಡೆಯುವಾಗ ತಂದೆಯವರು ದಡದಲ್ಲಿ ನಿಂತು ಒಂದೊಂದು ಮೂಟೆಗೂ ಒಂದೊಂದು ಗೀಟು ಎಳೆದು, ಐದನೆಯದಕ್ಕೆ ಅಡ್ಡಗೀಟು ಹಾಕುತ್ತಿದ್ದುದನ್ನು ನಾನು ಚಿಕ್ಕಂದಿನಲ್ಲಿ ಪಕ್ಕದಲ್ಲೇ ನಿಂತು ನೋಡಿದ್ದೇನೆ. ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಈ ಕೆಲಸವೆಲ್ಲ ನಿಲ್ಲುತ್ತಿತ್ತು. ಅಳಿವೆಯಲ್ಲಿ ತೆರೆ ಒಡೆಯತೊಡಗಿತೆಂದರೆ ಮಂಜಿಗಳನ್ನು ದಡಕ್ಕೆ ಎಳೆದು ತೆಂಗಿನ ಮಡಲು ಹೊದೆಸುತ್ತಿದ್ದರು, ಬಂದರಿನ ಓಣಿಗಳಲ್ಲಿ ಕೂಲಿಗೆ ಗತಿ ಇರುತ್ತಿರಲಿಲ್ಲ. ತಂದೆಯವರ ಒಂದು ಉದ್ದನೆಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಗಳಲ್ಲಿ ಪ್ರತಿ ವರ್ಷವೂ ಎರಡು ತಾರೀಖುಗಳಿವೆ: ‘ಅಳಿವೆ ಮುಚ್ಚಿತು’, ‘ಅಳಿವೆ ತೆರೆಯಿತು’. ಮನೆಯ ಖರ್ಚುವೆಚ್ಚವೆಲ್ಲ ಆ ಎರಡು ತಾರೀಖುಗಳ ಮೇಲೆ ನಿಂತಿತ್ತು.

ಆ ಬಂದರು ನಿನ್ನೆ ಮೊನ್ನೆಯದಲ್ಲ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಕಾಸ್ಮಾಸ್ ಎಂಬ ವರ್ತಕ ಮಲಬಾರ್ ಕರಾವಳಿಯಲ್ಲಿ ಮೆಣಸು ಸಿಗುವ ಬಂದರುಗಳನ್ನು ಹೆಸರಿಸುವಾಗ ಮಂಗಳೂರನ್ನೂ ಸೇರಿಸಿದ್ದಾನೆ. ಹನ್ನೆರಡನೆಯ ಶತಮಾನದಲ್ಲಿ ಟುನೀಷಿಯಾ ಮೂಲದ ಯಹೂದಿ ವ್ಯಾಪಾರಿ ಅಬ್ರಹಾಂ ಬೆನ್ ಯಿಜು ಇಲ್ಲಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ನೆಲೆಸಿ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸಿ, ಏಡನ್ನಿಗೆ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ ಕಳುಹಿಸುತ್ತಿದ್ದ. ಅವನ ವ್ಯಾಪಾರದ ಪತ್ರಗಳು ಕೈರೋದ ಹಳೆಯ ಸಿನಗಾಗ್ ಒಂದರ ಉಗ್ರಾಣದಲ್ಲಿ ಉಳಿದುಕೊಂಡಿದ್ದರಿಂದ ಇಷ್ಟು ನಮಗೆ ತಿಳಿದಿದೆ. ಹದಿನಾಲ್ಕನೆಯ ಶತಮಾನದಲ್ಲಿ ಬಂದ ಇಬ್ನ್ ಬತೂತ ಪರ್ಷಿಯಾ, ಯೆಮೆನ್‌ಗಳ ವರ್ತಕರು ಇಲ್ಲಿ ಇಳಿಯುತ್ತಾರೆಂದೂ ಮೆಣಸು, ಶುಂಠಿ ಹೇರಳವೆಂದೂ ಬರೆದಿದ್ದಾನೆ. ಮುಂದೆ ಪೋರ್ಚುಗೀಸರು, ಕೆಳದಿಯ ನಾಯಕರು, ಹೈದರಾಲಿ, ಟಿಪ್ಪು, ಇಂಗ್ಲಿಷರು ಎಲ್ಲರೂ ಈ ಅಳಿವೆಗಾಗಿ ಬಡಿದಾಡಿದ್ದಾರೆ. ಯುದ್ಧದ ಹಡಗುಗಳು ನದಿಯೊಳಗೆ ನುಗ್ಗದಿರಲೆಂದು ಕಟ್ಟಿಸಿದ ಸುಲ್ತಾನ್ ಬತ್ತೇರಿ ಇಂದಿಗೂ ಬೋಳೂರಿನಲ್ಲಿ ಗುರುಪುರ ನದಿಯನ್ನು ನೋಡುತ್ತ ನಿಂತಿದೆ. ಇಷ್ಟನ್ನು ನಾನು ಊರಿನ ಹೆಮ್ಮೆಗಾಗಿ ಹೇಳುತ್ತಿಲ್ಲ. ಮೆಣಸಾಗಲಿ ಏಲಕ್ಕಿಯಾಗಲಿ ಬಹುಪಾಲು ಬಂದರಿನ ಸುತ್ತಮುತ್ತ ಬೆಳೆಯುವಂಥದ್ದಲ್ಲ, ಘಟ್ಟದ ಇಳಿಜಾರಿನ, ಘಟ್ಟದ ಮೇಲಿನ ಬೆಳೆ. ಹೇರೆತ್ತುಗಳ ಮೇಲೆ ಅದು ಇಳಿಯುತ್ತಿತ್ತು, ಹಿಂತಿರುಗುವಾಗ ಉಪ್ಪು ಹತ್ತುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೊಡಗು, ಮಂಜರಾಬಾದು (ಈಗಿನ ಸಕಲೇಶಪುರದ ಕಡೆ), ಚಿಕ್ಕಮಗಳೂರುಗಳಲ್ಲಿ ಕಾಫಿ ತೋಟಗಳು ಎದ್ದ ಮೇಲೆ ಆ ದಾರಿಗಳೇ ಗಾಡಿ ರಸ್ತೆಗಳಾದವು. ಮಂಗಳೂರು ಎಂದೂ ಬರೀ ಕಡಲಿನ ಬಂದರಾಗಿರಲಿಲ್ಲ, ಘಟ್ಟದ ಬಂದರಾಗಿತ್ತು.

1956ರಲ್ಲಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದಾಗ ಮಳೆಗಾಲದಲ್ಲಿ ಮುಚ್ಚದ ಬಂದರು ಬೇಕೆಂಬ ಬೇಡಿಕೆಗೆ ಬಲ ಬಂತು. ಅದಕ್ಕಾಗಿ ದೆಹಲಿಯಲ್ಲಿ ಪಟ್ಟುಬಿಡದೆ ದುಡಿದವರು ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು. ಸುರತ್ಕಲ್ಲಿನ ಎಂಜಿನಿಯರಿಂಗ್ ಕಾಲೇಜು, ಬಜಪೆಯ ವಿಮಾನ ನಿಲ್ದಾಣ, ಕರಾವಳಿಯ ಹೆದ್ದಾರಿ ಇವುಗಳ ಹಿಂದೆಯೂ ಅವರೇ ಇದ್ದರು. ಅಳಿವೆಯ ಗೊಡವೆಯೇ ಬೇಡವೆಂದು ಅದರ ಉತ್ತರಕ್ಕೆ, ಪಣಂಬೂರಿನಲ್ಲಿ, ದಡದ ನೆಲವನ್ನೇ ಅಗೆದು ಕೊಳದಂಥ ಬಂದರು ಮಾಡುವುದೆಂದು ತೀರ್ಮಾನವಾಗಿ 1962ರಲ್ಲಿ ಕೆಲಸ ಶುರುವಾಯಿತು. ಮಲ್ಯರು 1965ರಲ್ಲಿ ತೀರಿಕೊಂಡರು, ಬಂದರನ್ನು ಅವರು ಕಾಣಲಿಲ್ಲ. 1974ರ ಮೇ 4ರಂದು ಅದು ದೇಶದ ಒಂಬತ್ತನೆಯ ಪ್ರಮುಖ ಬಂದರು ಎಂದು ಘೋಷಣೆಯಾಯಿತು, 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ಆ ನೆಲದಲ್ಲಿ ಗದ್ದೆ, ತೆಂಗು, ದೈವದ ಕಟ್ಟೆಗಳಿದ್ದ ಕುಟುಂಬಗಳು ಕಾಟಿಪಳ್ಳ, ಕೃಷ್ಣಾಪುರಗಳ ಗುಡ್ಡದ ನಿವೇಶನಗಳಿಗೆ ಹೋದವು. ನನ್ನ ಜತೆ ಕೆಲಸ ಮಾಡಿದವರಲ್ಲಿ ಆ ಮನೆಗಳವರು ಹಲವರಿದ್ದರು. ಬಂದರಿನ ಲಾಭನಷ್ಟದ ಮಾತು ಬಂದಾಗಲೆಲ್ಲ ಅವರು ಕೇಳುತ್ತಿದ್ದುದು, ನಾವು ಬಿಟ್ಟುಕೊಟ್ಟದ್ದು ಪೂರ್ತಿ ಬಳಕೆಗೆ ಬಂದಿದೆಯೇ ಎಂದು. ಈ ಪತ್ರದಲ್ಲಿ ನಾನು ಕೇಳುತ್ತಿರುವುದೂ ಅದನ್ನೇ.

ಬಳಕೆಗೆ ಬಂದಿಲ್ಲವೆಂದು ಒಟ್ಟಾಗಿ ಹೇಳಿದರೆ ಸುಳ್ಳಾಗುತ್ತದೆ. ಇಂದು ಪಣಂಬೂರಿನಲ್ಲಿ ವರ್ಷಕ್ಕೆ ನಾಲ್ಕು ಕೋಟಿ ಟನ್ನಿಗೂ ಮೀರಿ ಸರಕು ಏರಿಳಿಯುತ್ತದೆ. ಮಂಗಳೂರು ರಿಫೈನರಿಗೆ ಬೇಕಾದ ಕಚ್ಚಾ ತೈಲ ಇಲ್ಲಿಗೇ ಬರುತ್ತದೆ, ಅಲ್ಲಿ ಶುದ್ಧವಾದ ತೈಲ ಇಲ್ಲಿಂದಲೇ ಹೊರದೇಶಕ್ಕೂ ಹೋಗುತ್ತದೆ. ದೇಶದಲ್ಲಿ ಅಡುಗೆ ಅನಿಲ ಅತಿ ಹೆಚ್ಚು ಆಮದಾಗುವ ಬಂದರುಗಳಲ್ಲಿ ಇದೂ ಒಂದು, ಬೆಂಗಳೂರಿನ, ಮೈಸೂರಿನ ಎಷ್ಟೋ ಅಡುಗೆಮನೆಗಳ ಒಲೆ ಉರಿಯುವುದು ಇಲ್ಲಿ ಇಳಿದ ಅನಿಲದಿಂದ. ದೇಶಕ್ಕೆ ಆಪತ್ತು ಬಂದಾಗ ಬೇಕಾಗುತ್ತದೆಂದು ಮಂಗಳೂರಿನಲ್ಲಿ ಹದಿನೈದು ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಇಪ್ಪತ್ತೈದು ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಬಂಡೆಯೊಳಗೆ ಕೊರೆದಿದ್ದಾರೆ. ಕಲ್ಲಿದ್ದಲು, ರಸಗೊಬ್ಬರ, ಖಾದ್ಯತೈಲ, ಆಫ್ರಿಕಾದ ಕಚ್ಚಾ ಗೇರುಬೀಜ ಎಲ್ಲವೂ ಇಲ್ಲಿ ಇಳಿಯುತ್ತವೆ. ಇದು ಸಣ್ಣ ಸಾಧನೆಯಲ್ಲ.

ಆದರೆ ಈ ಸರಕಿನ ಪಟ್ಟಿಯನ್ನು ನಲವತ್ತು ವರ್ಷ ನೋಡಿದ ನನಗೆ ಅದರಲ್ಲಿ ಒಂದು ಸಂಗತಿ ಎದ್ದು ಕಾಣುತ್ತದೆ. ಈ ಬಂದರಿನಲ್ಲಿ ಚೆನ್ನಾಗಿ ಬೆಳೆದದ್ದು ಹೆಚ್ಚಾಗಿ ಒಂದೋ ಕರಾವಳಿಯಲ್ಲೇ ಖರ್ಚಾಗುವ ಸರಕು, ಇಲ್ಲವೇ ಕೊಳವೆಯಲ್ಲಿ ಹರಿಯುವ ಸರಕು. ಕುದುರೆಮುಖದ ಕಬ್ಬಿಣದ ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಕೊಳವೆಯಲ್ಲಿ ಪಣಂಬೂರಿಗೆ ಇಳಿಸಿದರು, ಗಣಿಗಾರಿಕೆ 2005ರ ಕೊನೆಗೆ ನ್ಯಾಯಾಲಯದ ಆದೇಶದಿಂದ ನಿಲ್ಲುವವರೆಗೆ ಅದಕ್ಕೆ ಯಾವ ಮಳೆಯ ಅಡ್ಡಿಯೂ ಇರಲಿಲ್ಲ. ಪೆಟ್ರೋಲು, ಡೀಸೆಲ್ಲಿಗೆ 2003ರಲ್ಲಿ ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೈಪ್‌ಲೈನ್ ಆಯಿತು. ಅಡುಗೆ ಅನಿಲಕ್ಕೂ ಆಮೇಲೆ ಆಯಿತು, ಆದರೂ ಟ್ಯಾಂಕರುಗಳು ಪೂರ್ತಿ ತಪ್ಪಿಲ್ಲ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಅನಿಲದ ಟ್ಯಾಂಕರ್ ಉರುಳಿ ಬೆಂಕಿ ಹತ್ತಿ ರಸ್ತೆಬದಿಯ ಮನೆಗಳವರು ಸತ್ತದ್ದನ್ನು ಈ ಕಡೆಯವರು ಮರೆತಿಲ್ಲ. ಕಾಫಿಯನ್ನು, ಸಿದ್ಧ ಉಡುಪನ್ನು, ಯಂತ್ರದ ಬಿಡಿಭಾಗವನ್ನು ಕೊಳವೆಯಲ್ಲಿ ಹರಿಸಲಾಗದು. ಅವು ಕಂಟೇನರಿನಲ್ಲಿ ತುಂಬಿ, ರಸ್ತೆ ಅಥವಾ ರೈಲಿನ ಮೇಲೆ, ಘಟ್ಟ ಇಳಿದೇ ಬರಬೇಕು. ಬೆಂಗಳೂರಿನಿಂದ ಮಂಗಳೂರಿಗೂ ಚೆನ್ನೈಗೂ ದೂರ ಹೆಚ್ಚುಕಡಿಮೆ ಒಂದೇ, ಸುಮಾರು 350 ಕಿಲೋಮೀಟರ್. ಹಾಗಿದ್ದೂ ಬೆಂಗಳೂರಿನ ಕಂಟೇನರುಗಳ ಬಹುಪಾಲು ಚೆನ್ನೈಗೆ ಹೋಗುತ್ತದೆ. ನಮ್ಮಲ್ಲಿಗೆ ಬರುವ ಕಂಟೇನರ್ ಹಡಗುಗಳು ಸಣ್ಣವು, ಹೆಚ್ಚಿನ ಸರಕು ಕೊಲಂಬೊದಂಥ ಕಡೆ ದೊಡ್ಡ ಹಡಗಿಗೆ ಬದಲಾಗಬೇಕು. ಸರಕು ಸಾಲದೆಂದು ದೊಡ್ಡ ಹಡಗು ಬರುವುದಿಲ್ಲ, ದೊಡ್ಡ ಹಡಗಿಲ್ಲವೆಂದು ಸರಕು ಬರುವುದಿಲ್ಲ.

ಇದು ಹೀಗಾದದ್ದಕ್ಕೆ ರೈಲಿನ ಕಥೆಯನ್ನೂ ಹೇಳಬೇಕು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ ಸುಮಾರು 55 ಕಿಲೋಮೀಟರಿನಲ್ಲಿ 57 ಸುರಂಗಗಳಿವೆ, ಐವತ್ತು ಅಡಿ ಹೋದರೆ ಒಂದು ಅಡಿ ಏರುವ ಕಡಿದಾದ ದಾರಿ, ಗೂಡ್ಸ್ ರೈಲಿಗೆ ಹಿಂದಿನಿಂದ ತಳ್ಳುವ ಎಂಜಿನ್‌ಗಳನ್ನು ಕಟ್ಟಬೇಕು. ಇಂಥ ಮಾರ್ಗವನ್ನು ಬ್ರಾಡ್ ಗೇಜ್ ಮಾಡಲೆಂದು 1990ರ ದಶಕದ ನಡುವಿನಲ್ಲಿ ಮುಚ್ಚಿದರು, ಗೂಡ್ಸ್ ರೈಲು ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರ ರೈಲು 2007ರ ಡಿಸೆಂಬರಿನಲ್ಲಿ. ಸರಿಯಾಗಿ ಆ ಹತ್ತು ವರ್ಷಗಳಲ್ಲೇ ಬೆಂಗಳೂರಿನ ರಫ್ತು ಬೆಳೆಯಿತು, ಸರಕೆಲ್ಲ ಗೋಣಿಯಿಂದ ಕಂಟೇನರಿಗೆ ಬದಲಾಯಿತು, ವೈಟ್‌ಫೀಲ್ಡಿನಿಂದ ಚೆನ್ನೈಗೆ ಹಳಿಯ ಮೇಲೆ ಕಂಟೇನರು ಸಾಗಿಸುವ ವ್ಯವಸ್ಥೆ ಬೇರೂರಿತು. ವ್ಯಾಪಾರಿ ಒಮ್ಮೆ ಹಿಡಿದ ದಾರಿಯನ್ನು ಸುಮ್ಮನೆ ಬಿಡುವುದಿಲ್ಲ. ರೈಲು ಮರಳಿ ಬಂದ ಮೇಲೆ ಅದರಲ್ಲಿ ತುಂಬಿದ್ದು ಬಳ್ಳಾರಿ ಕಡೆಯ ಅದಿರು, ಅದೂ 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಷೇಧಿಸುವವರೆಗೆ. ಇನ್ನೊಂದು ತೊಡಕೆಂದರೆ ಮಂಗಳೂರಿನಲ್ಲಿ ಮೂರು ರೈಲ್ವೆಗಳ ಗಡಿ ಕೂಡುತ್ತದೆ. ಹಾಸನದ ಕಡೆಯದು ಮೈಸೂರು ವಿಭಾಗ, ತೋಕೂರಿನಿಂದಾಚೆ ಕೊಂಕಣ ರೈಲ್ವೆ, ಮಂಗಳೂರಿನ ನಿಲ್ದಾಣಗಳೂ ಪಣಂಬೂರಿನ ಗೂಡ್ಸ್ ಯಾರ್ಡೂ ಪಾಲಕ್ಕಾಡ್ ವಿಭಾಗ. ಒಂದು ಗೂಡ್ಸ್ ರೈಲಿನ ವಿಚಾರ ಇತ್ಯರ್ಥವಾಗಬೇಕಾದರೆ ಎಷ್ಟು ಕಡೆ ಫೋನು ಮಾಡಬೇಕೆಂಬುದನ್ನು ನಮ್ಮಂಥ ಗುಮಾಸ್ತರನ್ನು ಕೇಳಿದರೆ ಹೇಳುತ್ತೇವೆ.

ರಸ್ತೆಯ ಮಾತಿಗೆ ಬರುತ್ತೇನೆ. ಶಿರಾಡಿಯನ್ನು 2015ರಲ್ಲಿ ಒಮ್ಮೆ, 2018ರ ಜನವರಿಯಿಂದ ಜುಲೈವರೆಗೆ ಇನ್ನೊಮ್ಮೆ ಕಾಂಕ್ರೀಟು ಹಾಕಲೆಂದು ತಿಂಗಳುಗಟ್ಟಲೆ ಮುಚ್ಚಿದರು. ಜುಲೈ ನಡುವಿನಲ್ಲಿ ತೆರೆದ ರಸ್ತೆಯ ಮೇಲೆ ಆಗಸ್ಟಿನಲ್ಲಿ ಗುಡ್ಡ ಜರಿಯಿತು. ಅದೇ ವಾರ ಮಡಿಕೇರಿ–ಸಂಪಾಜೆ ರಸ್ತೆ ಕೊಚ್ಚಿಹೋಯಿತು, ರೈಲು ಹಳಿಯ ಮೇಲೆ ಮಣ್ಣು ಬಿದ್ದು ವಾರಗಟ್ಟಲೆ ಬಂದಾಯಿತು. ಇನ್ನೊಂದು ದಾರಿಯಾದ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಕಂಟೇನರ್ ಟ್ರೈಲರ್ ತಿರುಗುವುದಿಲ್ಲ.

ಆ ಆಗಸ್ಟಿನಲ್ಲಿ ನಾನು ಕಾಗದಪತ್ರ ಮಾಡಿದ್ದ ಒಂದು ಕಾಫಿ ಕಂಟೇನರ್ ಹಾಸನ ಕಡೆಯಿಂದ ಹೊರಟಿತ್ತು. ಇಪ್ಪತ್ತು ಅಡಿಯ ಕಂಟೇನರಿನಲ್ಲಿ ಅರವತ್ತು ಕಿಲೋದ 320 ಚೀಲ. ಒಳಗೋಡೆಗೆಲ್ಲ ದಪ್ಪ ಕಂದು ಕಾಗದ ಹೊದೆಸಿ, ತೇವ ಹೀರುವ ಪೊಟ್ಟಣಗಳನ್ನು ತೂಗುಹಾಕಿ, ಬಾಗಿಲಿಗೆ ಸೀಲು ಹಾಕಿ ಕಳಿಸಿದ್ದರು. ಕಾಫಿಗೆ ತೇವ ತಾಗಿದರೆ ಬಣ್ಣ ಹೋಗುತ್ತದೆ, ವಾಸನೆ ಬರುತ್ತದೆ. ಬಂದರಿನ ಗೇಟು ಆ ಹಡಗಿಗೆ ಮುಚ್ಚಲು ಒಂದೂವರೆ ದಿನ ಉಳಿದಿತ್ತು. ಚಾಲಕ ಸಕಲೇಶಪುರದಾಚೆ ದೋಣಿಗಲ್ಲಿನಿಂದ ಫೋನು ಮಾಡಿ, “ಸಾರ್, ಮುಂದೆ ಬಿಡ್ತಾ ಇಲ್ಲ, ಗುಡ್ಡ ಇನ್ನೂ ಇಳೀತಾನೇ ಇದೆ” ಎಂದ. ಮೂರು ದಿನ ಆತ ಮಳೆಯಲ್ಲಿ ಗಾಡಿಯೊಳಗೇ ಕೂತಿದ್ದ, ಊಟ ಸಿಕ್ಕಿದಾಗ ಉಂಟು, ಇಲ್ಲದಾಗ ಇಲ್ಲ. ಹಡಗು ಹೊರಟುಹೋಯಿತು. ಆಚೆಯ ಖರೀದಿದಾರನ ಬ್ಯಾಂಕು ಕೊಟ್ಟ ಗಡುವು ಮೀರುತ್ತದೆಂದು ಕೊನೆಗೆ ಕಂಟೇನರನ್ನು ಹಿಂದಕ್ಕೆ ತಿರುಗಿಸಿ ಬೆಂಗಳೂರಿನ ಮೇಲೆ ಚೆನ್ನೈಗೆ ಕಳಿಸಿದರು. ನಾನು ಮಾಡಿದ್ದ ಕಾಗದಗಳನ್ನೆಲ್ಲ ನಾನೇ ರದ್ದುಮಾಡಿದೆ. ಬೇಸರವಾದದ್ದು ಅದಕ್ಕಲ್ಲ. ಮಾರನೆಯ ವರ್ಷ, ರಸ್ತೆ ಸರಿಯಾದ ಮೇಲೂ, ಆ ರಫ್ತುದಾರರ ಒಂದು ಕಂಟೇನರೂ ನಮ್ಮ ಕಡೆಗೆ ಬರಲಿಲ್ಲ. ಕೇಳಿದರೆ, ಮಳೆಗಾಲದಲ್ಲಿ ಒಂದು ಬಂದರು, ಬೇಸಗೆಯಲ್ಲಿ ಇನ್ನೊಂದು ಎಂದು ಮಾಡಲು ಆಗುವುದಿಲ್ಲವಲ್ಲ ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. 2024ರ ಜುಲೈನಲ್ಲಿ ಸಕಲೇಶಪುರ ಬಳಿಯ ದೊಡ್ಡತಪ್ಲುವಿನಲ್ಲಿ ಮತ್ತೆ ಗುಡ್ಡ ಜರಿದು, ಅದೇ ತಿಂಗಳು ಎಡಕುಮೇರಿ ಕಡೆ ಹಳಿಯ ಕೆಳಗಿನ ಮಣ್ಣೇ ಸರಿದಾಗ, ನಿವೃತ್ತನಾಗಿ ಮನೆಯಲ್ಲಿದ್ದ ನನಗೆ ಆ ಚಾಲಕನ ದನಿ ನೆನಪಾಯಿತು.

ತಂದೆಯವರ ಕಾಲದಲ್ಲಿ ಬಂದರನ್ನು ಮುಚ್ಚುತ್ತಿದ್ದುದು ಅಳಿವೆ. ಅದನ್ನು ದಾಟಲೆಂದೇ ಊರುಗಳನ್ನು ಎಬ್ಬಿಸಿ, ನೆಲ ಅಗೆದು, ಸಮುದ್ರದೊಳಕ್ಕೆ ಕಲ್ಲಿನ ಗೋಡೆಗಳನ್ನು ಚಾಚಿ, ಹೊಸ ಬಂದರು ಕಟ್ಟಿದ್ದು. ಈಗ ಹಡಗು ಮಳೆಯಲ್ಲೂ ಬರುತ್ತದೆ, ಸರಕು ಬರುವುದಿಲ್ಲ. ಅಳಿವೆ ಘಟ್ಟಕ್ಕೆ ಹೋಗಿ ಕೂತಿದೆ ಎಂದೇ ನನಗೆ ಅನಿಸುತ್ತದೆ.

ಹಾಗೆಂದು ಘಟ್ಟವನ್ನು ಇನ್ನಷ್ಟು ಕಡಿಯಿರಿ ಎಂದು ನಾನು ಕೇಳುತ್ತಿಲ್ಲ. ನೆಟ್ಟಗೆ ಗೋಡೆಯಂತೆ ಕಡಿದ ಗುಡ್ಡ ಮಳೆಗೆ ನಿಲ್ಲುವುದಿಲ್ಲವೆಂದು ಗದ್ದೆಯ ಬದು ಕಟ್ಟಿದ ಯಾರಿಗಾದರೂ ಗೊತ್ತು. ನಾಲ್ಕು ಪಥ ಮಾಡುವ ಅವಸರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕಾದಲ್ಲಿ ನೇರ ಸೀಳಿದ್ದೇ ಹಲವು ಕಡೆ ಜರಿಯಲು ಕಾರಣವೆಂಬ ಮಾತು ಸುಳ್ಳಲ್ಲ. ಸುರಂಗ ರಸ್ತೆಯ ಮಾತನ್ನು ಹತ್ತು ವರ್ಷಕ್ಕೂ ಮಿಕ್ಕಿ ಕೇಳುತ್ತಿದ್ದೇವೆ. ಅದು ಬರುವಾಗ ಬರಲಿ. ಅಲ್ಲಿಯವರೆಗೆ ಇರುವ ರಸ್ತೆಯ ಗುಡ್ಡದ ಬದಿಗಳನ್ನು, ನೀರು ಹೋಗುವ ಮೋರಿಗಳನ್ನು ಏಪ್ರಿಲ್ ತಿಂಗಳೊಳಗೆ ಭದ್ರಪಡಿಸುವ ಕೆಲಸಕ್ಕೆ ಪ್ರತಿ ವರ್ಷ ಹೊಣೆ ಹೊರುವ ಒಬ್ಬ ಅಧಿಕಾರಿ ಇರಬೇಕು, ಆ ಅಧಿಕಾರಿ ಬಂದರಿನವರ ಜತೆ ಕೂತು ಮಾತಾಡಬೇಕು. ಅದಕ್ಕಿಂತ ಮುಖ್ಯವಾಗಿ, ನನ್ನ ಅಭಿಪ್ರಾಯದಲ್ಲಿ, ಕಂಟೇನರಿಗೆ ದಾರಿ ರಸ್ತೆಯಲ್ಲ, ಹಳಿ. ಬೆಂಗಳೂರಿನಿಂದ, ಹಾಸನದಿಂದ ಪಣಂಬೂರಿಗೆ ವಾರದ ಗೊತ್ತಾದ ದಿನ, ಗೊತ್ತಾದ ಗಂಟೆಗೆ ಹೊರಡುವ ಕಂಟೇನರ್ ರೈಲು ಬೇಕು, ಅರ್ಧ ಖಾಲಿ ಇದ್ದರೂ ಮೊದಲ ಎರಡು ಮೂರು ವರ್ಷ ಅದು ತಪ್ಪದೆ ಓಡಬೇಕು. ರಫ್ತುದಾರ ಬಾಡಿಗೆಯನ್ನು ಎಷ್ಟು ನೋಡುತ್ತಾನೋ ಭರವಸೆಯನ್ನೂ ಅಷ್ಟೇ ನೋಡುತ್ತಾನೆ. ಸಕಲೇಶಪುರದಿಂದ ಪಣಂಬೂರಿನ ಯಾರ್ಡಿನವರೆಗೆ ಒಂದೇ ವಿಭಾಗದ ಆಡಳಿತ ಬರಬೇಕೆಂಬ ಈ ಜಿಲ್ಲೆಯ ಹಳೆಯ ಬೇಡಿಕೆಯನ್ನು ಬರೀ ಊರಿನ ಅಭಿಮಾನದ ಮಾತೆಂದು ತಳ್ಳಿಹಾಕಬಾರದು, ಅದು ಬಂದರಿನ ಹೊಟ್ಟೆಪಾಡಿನ ಮಾತು.

ಇತ್ತ ಉತ್ತರ ಕನ್ನಡದಲ್ಲಿ ಹೊಸ ಬಂದರುಗಳ ಯೋಜನೆಗಳು ಬಂದಿವೆ. ಹೊನ್ನಾವರದ ಕಾಸರಕೋಡಿನಲ್ಲಿ, ಅಂಕೋಲಾದ ಕೇಣಿಯಲ್ಲಿ ಮೀನುಗಾರರು ಬೀದಿಗಿಳಿದು ಬೇಡವೆಂದಿದ್ದಾರೆ. ಕಾಟಿಪಳ್ಳದವರ ಜತೆ ದುಡಿದ ನನಗೆ ಅವರ ಭಯ ಅರ್ಥವಾಗುತ್ತದೆ. ಅಲ್ಲಿಯೂ ಬಂದರಿನ ಬೆನ್ನಿಗೆ ಇರುವುದು ಅದೇ ಘಟ್ಟ. ಹುಬ್ಬಳ್ಳಿ–ಅಂಕೋಲಾ ರೈಲು ದಶಕಗಳಿಂದ ಕಾಗದದಲ್ಲೇ ಇದೆ, 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು ಜನ ಸತ್ತದ್ದು ಅಂಕೋಲಾ ತಾಲ್ಲೂಕಿನಲ್ಲೇ. ಹಳೆಯ ಬಂದರಿಗೆ ದಾರಿ ಸರಿಮಾಡದೆ ಹೊಸ ಊರುಗಳನ್ನು ಎಬ್ಬಿಸುವುದು ನ್ಯಾಯವೇ ಎಂದು ವಿಧಾನಸೌಧದಲ್ಲಿ ಕೂತವರು ಯೋಚಿಸಬೇಕು.

ಕೊನೆಯದಾಗಿ ಒಂದು ಸಣ್ಣ ಕೋರಿಕೆ. ಮಳೆಗಾಲದಲ್ಲಿ ಶಿರಾಡಿ ರಸ್ತೆ ಮತ್ತು ಘಟ್ಟದ ರೈಲು ಒಟ್ಟು ಎಷ್ಟು ಗಂಟೆ ಮುಚ್ಚಿದ್ದವು, ಅದರಿಂದ ಎಷ್ಟು ಕಂಟೇನರ್‌ಗಳಿಗೆ ಹಡಗು ತಪ್ಪಿತು ಎಂಬ ಲೆಕ್ಕವನ್ನು ಸಂಬಂಧಪಟ್ಟವರು ಪ್ರತಿ ವಾರ ಪ್ರಕಟಿಸಲಿ, ತಾವು ಅದನ್ನು ಮಳೆಯ ಅಂಕಿಗಳ ಪಕ್ಕದಲ್ಲಿ ಅಚ್ಚುಹಾಕಬೇಕು. ಕೆಲಸದಲ್ಲಿದ್ದ ಕೊನೆಯ ಕೆಲವು ಮಳೆಗಾಲಗಳಲ್ಲಿ ನಾನು ತಂದೆಯವರ ಆ ಲೆಕ್ಕದ ಪುಸ್ತಕದಲ್ಲೇ ಉಳಿದ ಹಾಳೆಗಳ ಮೇಲೆ ‘ಘಾಟಿ ಮುಚ್ಚಿತು’, ‘ಘಾಟಿ ತೆರೆಯಿತು’ ಎಂದು ತಾರೀಖು ಹಾಕಿ ಬರೆದಿಟ್ಟಿದ್ದೇನೆ, ನನ್ನ ಕೈಯಲ್ಲಿ ಹಾದುಹೋದ ಸರಕಿನಲ್ಲಿ ಹಡಗು ತಪ್ಪಿಸಿಕೊಂಡದ್ದು ಎಷ್ಟೆಂದೂ ಅದರಲ್ಲಿದೆ. ಬಂದರಿನವರಾಗಲಿ, ಹೆದ್ದಾರಿಯವರಾಗಲಿ, ರೈಲ್ವೆಯವರಾಗಲಿ ಕೇಳಿದರೆ ಆ ಹಾಳೆಗಳ ಪ್ರತಿ ಮಾಡಿಸಿ ನಾನೇ ತಲುಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಕ್ಲಿಯರಿಂಗ್ ಗುಮಾಸ್ತ,
ಕುದ್ರೋಳಿ, ಮಂಗಳೂರು